ಕಹಿಯಿಲ್ಲದ ಮಜ್ಜಿಗೆ

ಗೋಕುಲ ರಸ್ತೆಯಲ್ಲಿ ಗೀತಾಂಜಲಿಯ ಜೋಳದ ರೊಟ್ಟಿ ಅಂದರೆ ಹೆಸರುವಾಸಿ. ಆದರೆ ಎರಡು ವರ್ಷದಿಂದ ಬೆರಳಿನ ಗಂಟುಗಳು ಊದಿ, ರೊಟ್ಟಿ ಬಡಿಯುವುದಿರಲಿ, ಹಿಟ್ಟು ನಾದುವುದಕ್ಕೂ ಆಗದೆ ಕೂತಿದ್ದಳು. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲು ತಿನ್ನುವ ಕಾಯಿಲೆ ಅದು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು!

ಕಡೆಗೆ ಆಸ್ಪತ್ರೆಯೊಂದು ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಅವಳನ್ನು ಆರಿಸಿತು. ತೊಡೆಯ ಸ್ನಾಯುವಿಗೆ ಜೀನ್ ಚುಚ್ಚುತ್ತಾರೆ. ಆಮೇಲೆ ಆ ಸ್ನಾಯುವೇ ದಿನವೂ ಔಷಧಿ ತಯಾರಿಸಿ ರಕ್ತಕ್ಕೆ ಬಿಡಬೇಕು. ಜನ್ಮಕ್ಕೆ ಒಂದೇ ಸಲ. ಎರಡನೇ ಸಲ ಚುಚ್ಚಿದರೆ ಮೈ ಗುರುತು ಹಿಡಿದು ಹೊರಗಟ್ಟುತ್ತದೆ. ಬೇರೆ ಯಾವ ಔಷಧಿಯನ್ನೂ ಮುಟ್ಟಬಾರದು ಅಂತ ಡಾಕ್ಟರು ಸಾರಿ ಸಾರಿ ಹೇಳಿದ್ದರು.

ತಿಂಗಳೊಪ್ಪತ್ತಿನಲ್ಲಿ ಬೆರಳು ಮಡಚತೊಡಗಿದವು. ಮತ್ತೆ ಮೊದಲ ರೊಟ್ಟಿ ಬಡಿದ ದಿನ ಗೀತಾಂಜಲಿ ಕಣ್ಣೀರು ಹಾಕಿದಳು. ಅತ್ತೆ ದುರಗವ್ವ ಊಟದ ಮೇಲೆ ಕೊಡುತ್ತಿದ್ದ ಮಜ್ಜಿಗೆ ಮಾತ್ರ ಸೂಜಿ ಹಾಕಿಸಿಕೊಂಡಾಗಿನಿಂದ ತುಸು ಕಹಿ. ಮೆಂತ್ಯ ಇರಬೇಕೆಂದು ಕುಡಿಯುತ್ತಿದ್ದಳು.

“ಬ್ಯಾರೆ ಗುಳಿಗಿ ಏನರ ತಗೊಂಡೀರೇನ್ರಿ?” ರಕ್ತ ಪರೀಕ್ಷೆಯಾದ ಮೇಲೆ ಡಾಕ್ಟರು ಕೇಳಿದರು. “ರಕ್ತದಾಗ ಸ್ಟಿರಾಯ್ಡ್ ಸಿಕ್ಕೈತ್ರಿ.”

“ದೇವರಾಣಿ ಇಲ್ರಿ!”

“ಹಂಗಾರ ನಿಮ್ಮ ಕೈ ಯಾವುದರಿಂದ ಛಲೋ ಆತು ಅಂತ ಹೆಂಗ ಹೇಳೂದ್ರಿ? ಇನ್ನ ಪ್ರಯೋಗದಾಗ ನಿಮ್ಮನ್ನ ಇಟ್ಕೊಳ್ಳಾಕ ಬರೂದಿಲ್ಲ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮನೆಗೆ ಬಂದು ಮಜ್ಜಿಗೆಯ ಕಹಿಯ ಬಗ್ಗೆ ಕೇಳಿದರೆ ದುರಗವ್ವ ಮುಚ್ಚಿಡಲೇ ಇಲ್ಲ.

“ನಾನ ಹಾಕೇನಿ. ನಾಟಿ ವೈದ್ಯನ ಪುಡಿ. ತೊಡಿಗೆ ಚುಚ್ಚಿದ್ರ ಬೆರಳು ನೆಟ್ಟಗ ಆಕ್ಕಾವಂದ್ರ ಯಾರು ನಂಬ್ತಾರ? ಕೈ ಛಲೋ ಆಗ್ಯಾವಲ್ಲ, ಯಾವುದರಿಂದಾದ್ರ ಏನು?”

“ಯಾವುದರಿಂದ ಅಂತ ಗೊತ್ತಾಗಬೇಕಿತ್ತು ಅತ್ತಿ! ಜನ್ಮಕ್ಕ ಒಂದ ಸೂಜಿ ಅದು!”

ಕೂಗಿ ಗಂಟಲು ಹರಿಯಿತು. ಮುದುಕಿ ಹಗೆಯಿಂದ ಮಾಡಿದ್ದರೆ ಬಾಯಿ ತುಂಬ ಬೈಯಬಹುದಿತ್ತು. ಪ್ರೀತಿಯಿಂದ ಮಾಡಿದ್ದಳು, ಅದಕ್ಕೇ ಸಿಟ್ಟು ಇನ್ನೂ ಏರಿತು.

ಒಮ್ಮೆಲೇ ನಿಲ್ಲಿಸಬಾರದೆಂದು ಡಾಕ್ಟರು ಹೇಳಿದ್ದರಿಂದ, ಸ್ಟಿರಾಯ್ಡ್ ಬೆರೆತ ಆ ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸಿದರು. ಪೂರ್ತಿ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಮುಷ್ಟಿ ಬಿಗಿಯಲು ಹೋದರೆ ಬೆರಳು ಅರ್ಧಕ್ಕೇ ನಿಂತವು. ಹಾಗಾದರೆ ಸೂಜಿ ಹುಸಿಹೋಗಿತ್ತು. ಇಷ್ಟು ದಿನ ಕೈ ರೊಟ್ಟಿ ಬಡಿಯುವಂತೆ ಮಾಡಿದ್ದು ಆ ಹಾಳು ಪುಡಿಯೇ.

ಮಧ್ಯಾಹ್ನ ದುರಗವ್ವ ಮಜ್ಜಿಗೆ ತಂದಳು. ಸೊಸೆ ನಂಬಲೆಂದು ತಾನೇ ಮೊದಲು ಒಂದು ಗುಟುಕು ಕುಡಿದು ತೋರಿಸಿದಳು.

“ಏನೂ ಹಾಕಿಲ್ಲವ್ವ, ಖರೇನ.”

ಗೀತಾಂಜಲಿ ಎರಡೂ ಅಂಗೈಗಳ ನಡುವೆ ಲೋಟ ಒತ್ತಿ ಹಿಡಿದು ಕುಡಿದಳು. ನಾಲಿಗೆ ಕಹಿಯನ್ನೇ ಹುಡುಕಿತು. ಸಿಗಲಿಲ್ಲವಲ್ಲ ಅಂತ ಅವಳಿಗೆ ಅಳು ಬಂತು.