ಈಜಲು ಯೋಗ್ಯ

ಶನಿವಾರ ಬೆಳಿಗ್ಗೆ ಎಂಟಕ್ಕೆಲ್ಲ ನದಿ ಉದ್ಯಾನದಲ್ಲಿ ಡೇರೆಯ ಗೂಟ ಬಡಿಯುವ ಸದ್ದು ಶುರುವಾಗಿತ್ತು. ಊರು ಮುಗಿದು ನದಿ ಬಾಗುವ ಕಡೆ, ಮರಗಳ ನಡುವೆ ನಲವತ್ತು ಡೇರೆಗಳಿಗೆ ಜಾಗ ಮಾಡಿದ ಸಾರ್ವಜನಿಕ ಉದ್ಯಾನ ಅದು. ಮೇಲ್ಗಡೆ ದೋಣಿಗಳನ್ನು ಕಟ್ಟುವ ಮರದ ಕಟ್ಟೆ. ನೀರು ಹರಿಯುವ ದಿಕ್ಕಿನಲ್ಲಿ ಇನ್ನೂರು ಹೆಜ್ಜೆ ಕೆಳಗೆ ಈಜುವ ಜಾಗ. ಎರಡರ ನಡುವೆ ದಿಬ್ಬದ ಮೇಲೆ ಶೌಚಾಲಯಗಳ ಸಾಲು. ಇದೆಲ್ಲದರ ಉಸ್ತುವಾರಿ ಒಬ್ಬ ಹೆಂಗಸಿನದು. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಮಕ್ಕಳು ಅವಳಿಗೆ ಪೀಪಿ ಅಕ್ಕ ಎಂದು ಹೆಸರಿಟ್ಟಿದ್ದರು. ದೊಡ್ಡವರೂ ಹಾಗೆಯೇ ಕರೆಯುತ್ತಿದ್ದರು. ಹನ್ನೆರಡು ವರ್ಷ ಕರೆಸಿಕೊಂಡು ಈಗ ಅವಳೇ ಫೋನಿನಲ್ಲಿ "ಪೀಪಿ ಅಕ್ಕ ಮಾತಾಡ್ತಿರೋದು" ಎನ್ನುವಷ್ಟಕ್ಕೆ ಬಂದಿದ್ದಳು.

"ಏನ್ ಪೀಪಿ ಅಕ್ಕ, ಈ ಸಲನಾದ್ರೂ ನೆರಳಿರೋ ಜಾಗ ಕೊಟ್ಟಿದ್ದೀಯೋ, ಇಲ್ಲಾ ಹೋದ್ ವರ್ಷದ ಹಾಗೆ ಇರುವೆ ಗೂಡಿನ ಮೇಲೆ ಮಲಗಿಸ್ತೀಯೋ?" ಎಂದು ಟೈಲರ್ ಮಾವ ಚೀಲ ಇಳಿಸಿದರು.

"ಇರುವೆಗಳೇ ದೂರು ಕೊಟ್ಟಿವೆ ಮಾವ, ನಿಮ್ಮ ಗೊರಕೆಗೆ ನಿದ್ದೆ ಬರಲ್ಲ ಅಂತ. ಅದಕ್ಕೇ ಜಾಗ ಬದಲಾಯಿಸಿದ್ದೀನಿ."

ಟೈಲರ್ ಮಾವನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕರು. ಮುದುಕರಿಬ್ಬರೂ ಎಂಟು ವರ್ಷದ ಮೊಮ್ಮಗಳನ್ನು ಕರೆದುಕೊಂಡು ಪ್ರತಿ ಬೇಸಿಗೆಯಲ್ಲೂ ಒಂದು ವಾರ ಇಲ್ಲಿ ಬಂದು ಇರುತ್ತಿದ್ದರು. ಬೇರೆಯವರು ನದಿಗೆ ಹೋದಾಗ ಅವರ ಡೇರೆಯ ಹರಿದ ಬದಿಗಳನ್ನು ಟೈಲರ್ ಮಾವ ಯಾರಿಗೂ ಹೇಳದೆ ಹೊಲಿದಿಡುತ್ತಿದ್ದರು. ಅದನ್ನು ಕಂಡಿದ್ದ ಪೀಪಿ ಅಕ್ಕ ಮಾವನ ಡೇರೆಯ ಬಾಗಿಲಲ್ಲಿ ಯಾರಿಗೂ ಹೇಳದೆ ಒಂದು ಫ್ಲಾಸ್ಕ್ ಚಹಾ ಇಟ್ಟುಬರುತ್ತಿದ್ದಳು.

"ಅಕ್ಕಾ, ಇಳೀಲಾ?" ಮೊಮ್ಮಗಳು ಆಗಲೇ ಸೊಂಟಕ್ಕೆ ಗಾಳಿ ತುಂಬಿದ ಈಜುಬಳೆ ಹಾಕಿಕೊಂಡು ನಿಂತಿದ್ದಳು.

"ಬೋರ್ಡ್ ಬರೆಯೋವರೆಗೂ ತಡ್ಕೋ ಪುಟ್ಟಿ."

ಈಜುವ ಜಾಗದ ಮೆಟ್ಟಿಲ ಬಳಿ ಕಪ್ಪು ಹಲಗೆಯೊಂದಿತ್ತು. ಪ್ರತಿ ಗುರುವಾರ ನದಿಯ ನೀರು ಮೂರು ಬಾಟಲಿಗಳಲ್ಲಿ ಊರಿನ ನೀರು ಪರೀಕ್ಷಾ ಕೇಂದ್ರಕ್ಕೆ ಹೋಗುತ್ತಿತ್ತು. ಶನಿವಾರ ಬೆಳಿಗ್ಗೆ ಫಲಿತಾಂಶ ಫೋನಿನಲ್ಲಿ ಬರುತ್ತಿತ್ತು. ಪೀಪಿ ಅಕ್ಕ ಅದನ್ನು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯುತ್ತಿದ್ದಳು: 'ಈಜಲು ಯೋಗ್ಯ.' ಬೇರೆ ಏನನ್ನೂ ಬರೆದ ನೆನಪು ಈಚೆಗೆ ಅವಳಿಗಿರಲಿಲ್ಲ.

ಪರೀಕ್ಷೆ ಮಾಡುವವನು ಅವಳ ಸ್ವಂತ ಅಣ್ಣ. ಅಪ್ಪ ತೀರಿಕೊಂಡಾಗ ಹದಿನೆಂಟಕ್ಕೇ ಕೆಲಸಕ್ಕೆ ಸೇರಿ ತಂಗಿಯನ್ನು ಓದಿಸಿದವನು. ಇದೇ ನದಿಯಲ್ಲಿ ಅವಳ ಹೊಟ್ಟೆಯ ಕೆಳಗೆ ಅಂಗೈ ಹಿಡಿದು ಈಜು ಕಲಿಸಿದವನು. ನಿಯಮದ ಪ್ರಕಾರ ಪರೀಕ್ಷಕನೇ ಬಂದು ಈಜುವ ಜಾಗದ ನೀರನ್ನು ತುಂಬಿಕೊಳ್ಳಬೇಕು. ಎರಡು ವರ್ಷದ ಹಿಂದೆ ಅವನು, "ಮಂಡಿ ಹಿಡ್ಕೊಂಡುಬಿಟ್ಟಿದೆ ಕಣೇ, ಮೆಟ್ಟಿಲು ಇಳಿಯೋಕಾಗಲ್ಲ. ನೀನೇ ತುಂಬಿಡು. ದೋಣಿಕಟ್ಟೆ ಹತ್ರ ತುಂಬು, ಅಲ್ಲಿ ಕೆಸರು ಏಳಲ್ಲ" ಎಂದಿದ್ದ. ಅಂದಿನಿಂದ ಅವಳೇ ತುಂಬಿ, ಚೀಟಿ ಅಂಟಿಸಿ, ಗೇಟಿನ ತನಕ ಒಯ್ದು ಕೊಡುತ್ತಿದ್ದಳು. ಅಣ್ಣನಿಗೆ ಇಷ್ಟಾದರೂ ಮಾಡುವ ಅವಕಾಶ ಸಿಕ್ಕಿತಲ್ಲ ಎಂದು ಅವಳಿಗೆ ಒಳಗೊಳಗೇ ಸಂತೋಷವಿತ್ತು.

ಈ ವಾರ ಮಾತ್ರ ಬಡಗಿಗಳು ದೋಣಿಕಟ್ಟೆಯ ಹಲಗೆಗಳನ್ನು ಕಿತ್ತು ಹಾಕಿದ್ದರು. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳು ಈಜುವ ಜಾಗದ ಮೆಟ್ಟಿಲಲ್ಲೇ ಕೂತು ಬಾಟಲಿಗಳನ್ನು ತುಂಬಿ ಕಳಿಸಿದ್ದಳು.

ಫೋನ್ ಬಂತು. ಎಂದಿನ "ತಿಂಡಿ ಆಯ್ತಾ" ಇರಲಿಲ್ಲ.

"ಬಾಟಲಿ ಎಲ್ಲಿ ತುಂಬಿದೆ?"

"ಈಜೋ ಜಾಗದಲ್ಲಿ. ಕಟ್ಟೆ ಹಲಗೆ ಕಿತ್ತಿದ್ರಲ್ಲ. ಯಾಕಣ್ಣ, ನದಿ ಒಂದೇ ತಾನೇ?"

"ಹೇಳಿದ ಕಡೆ ತುಂಬೋಕೆ ಏನಾಗಿತ್ತು ನಿನಗೆ?"

"ಏನಾದ್ರೂ ಹೆಚ್ಚುಕಮ್ಮಿ ಇದ್ಯಾ?"

"ಏನಿಲ್ಲ. ಯೋಗ್ಯ ಅಂತ ಬರಿ" ಎಂದು ಅಣ್ಣ ಫೋನ್ ಇಟ್ಟ.

ಸೀಮೆಸುಣ್ಣ ಹಿಡಿದು ಅವಳು ಒಂದು ಗಳಿಗೆ ನಿಂತಳು. ಹೇಳಿದವನು ಅಣ್ಣ. ಬರೆದಳು. ಅವಳು ಕೈಯ ಪುಡಿ ಕೊಡವಿಕೊಳ್ಳುವಷ್ಟರಲ್ಲಿ ಪುಟ್ಟಿ ನೀರಿನಲ್ಲಿದ್ದಳು.

ಸೋಮವಾರ ಪುಟ್ಟಿಗೆ ವಾಂತಿ ಶುರುವಾಯಿತು. ಸಂಜೆಗೆ ಜ್ವರವೇರಿ, ಕಣ್ಣು ಗುಳಿಬಿದ್ದು ಊರಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಮಂಗಳವಾರ ಪೀಪಿ ಅಕ್ಕ ಹೋದಾಗ ಮಗುವಿನ ಕೈಗೆ ಡ್ರಿಪ್ ಹಾಕಿದ್ದರು. ವಾರ್ಡು ಗುಡಿಸುತ್ತಿದ್ದ ಹೆಂಗಸು ಕೇಳದಿದ್ದರೂ ಒಂದು ಸ್ಟೂಲು ತಂದು ಅವಳ ಹಿಂದೆ ಇಟ್ಟಳು.

"ನೀವು ಆ ಉದ್ಯಾನದವರಾ?" ಎಂದರು ಡಾಕ್ಟರು. "ಕೊಳಚೆ ಬೆರೆತ ನೀರು ಹೊಟ್ಟೆಗೆ ಹೋಗಿದೆ. ಅಲ್ಲಿಂದ ಈ ತಿಂಗಳು ಬಂದವರಲ್ಲಿ ಇವಳು ಐದನೆಯವಳು. ನೀರು ಪರೀಕ್ಷೆ ಮಾಡಿಸ್ತೀರೋ ಇಲ್ವೋ?"

ಪೀಪಿ ಅಕ್ಕ ಬಾಯಿ ತೆರೆಯುವ ಮೊದಲೇ ಟೈಲರ್ ಮಾವ ಎದ್ದು ನಿಂತಿದ್ದರು. "ನಾನಾಗಲೇ ಹೇಳಿದೆನಲ್ಲ ಡಾಕ್ಟ್ರೇ. ಬೋರ್ಡ್ ಓದೇ ಇಳಿಸಿದ್ದು. ಬರೆದಿದ್ದು ನಮ್ಮ ಪೀಪಿ ಅಕ್ಕ. ಅವಳು ಬರೆದಿದ್ದು ತಪ್ಪಿರಲ್ಲ. ಮಗು ಬೇರೆ ಏನೋ ತಿಂದಿರಬೇಕು."

ಉದ್ಯಾನಕ್ಕೆ ಮರಳಿದ ಪೀಪಿ ಅಕ್ಕ ಆಫೀಸಿಗೆ ಹೋಗಲಿಲ್ಲ. ನೇರವಾಗಿ ಶೌಚಾಲಯದ ದಿಬ್ಬದ ಹಿಂಭಾಗಕ್ಕೆ ಹೋಗಿ, ಎದೆಯೆತ್ತರ ಬೆಳೆದ ಜೊಂಡನ್ನು ಸರಿಸುತ್ತ ನದಿಯತ್ತ ಇಳಿದಳು. ತೋಳು ಗಾತ್ರದ ಪೈಪೊಂದು ದಂಡೆಯಿಂದ ಹೊರಚಾಚಿತ್ತು. ಅದರ ಬಾಯಿಯ ಕೆಳಗೆ ಕಲ್ಲೆಲ್ಲ ಕಪ್ಪುಗಟ್ಟಿತ್ತು. ಬೂದುಬಣ್ಣದ ನೀರು ಬಿಟ್ಟುಬಿಟ್ಟು ಬೀಳುತ್ತಿತ್ತು, ಬಿದ್ದು ಈಜುವ ಜಾಗದ ಕಡೆ ಹರಿದುಹೋಗುತ್ತಿತ್ತು. ದೋಣಿಕಟ್ಟೆ ಅದಕ್ಕಿಂತ ಮೇಲಿತ್ತು. ಅಲ್ಲಿಗೆ ಇದರ ಒಂದು ಹನಿಯೂ ತಲುಪುವಂತಿರಲಿಲ್ಲ.

ಪರೀಕ್ಷಾ ಕೇಂದ್ರದಲ್ಲಿ ಅಣ್ಣ ಒಬ್ಬನೇ ಬಾಟಲಿ ತೊಳೆಯುತ್ತಿದ್ದ.

"ಶೌಚಾಲಯದ ಗುಂಡಿ ತುಂಬಿದಾಗ ಹೆಚ್ಚಿನದು ನದಿಗೆ ಬರುತ್ತೆ. ಗೊತ್ತಿತ್ತಾ ನಿನಗೆ?"

ಅವನು ನಲ್ಲಿ ನಿಲ್ಲಿಸಿದ. "ಕೂತ್ಕೋ."

"ಗೊತ್ತಿತ್ತಾ?"

"ಎರಡು ವರ್ಷದಿಂದ ಗೊತ್ತು. ಮೇಲಿನವರಿಗೆ ಮೂರು ಸಲ ಬರೆದಿದ್ದೀನಿ. ಸೀಸನ್ ಮುಗೀಲಿ ನೋಡೋಣ ಅಂದ್ರು. ಒಂದು ಮುಗಿದ್ರೆ ಇನ್ನೊಂದು ಸೀಸನ್. ಇದ್ದದ್ದು ಇದ್ದ ಹಾಗೆ ಬರೆದ್ರೆ ಉದ್ಯಾನ ಮುಚ್ತಾರೆ. ದೋಣಿಯವರು, ತೋಟದವರು, ಗುಡಿಸೋರು, ಎಲ್ಲ ಸೇರಿ ಇಪ್ಪತ್ತೆರಡು ಮನೆ. ಅದರಲ್ಲಿ ನಿನ್ನದೂ ಒಂದು. ಮಗಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ತಿದ್ದೆ ನೀನು?"

"ನನ್ನನ್ನ ಮುಂದಿಟ್ಕೊಂಡು ಮಾತಾಡಬೇಡ."

"ಇಲ್ಲ ಕಣೇ. ನನಗೂ ನಿದ್ದೆ ಬರ್ತಿತ್ತು ಅಂದ್ಕೊಂಡಿದ್ದೀಯಾ? ಒಬ್ಬರಿಬ್ಬರಿಗೆ ಹೊಟ್ಟೆ ಕೆಡುತ್ತೆ, ಎರಡು ದಿನಕ್ಕೆ ಸರಿಹೋಗುತ್ತೆ ಅಂದ್ಕೊಂಡೆ."

"ಮಂಡಿ ನೋವು?"

"ಅದು ನಿಜ." ಅವನು ಪ್ಯಾಂಟಿನ ಕಾಲು ಮೇಲೆತ್ತಿ ತೋರಿಸಿದ. ಮಂಡಿ ಬಾತುಕೊಂಡಿತ್ತು, ಮೇಲೆ ಬಟ್ಟೆಯ ಪಟ್ಟಿ ಸುತ್ತಿತ್ತು. ಸುಳ್ಳಾಗಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಒಂದೊಂದೇ ನೆನಪಾಗತೊಡಗಿತು. ಎರಡು ವರ್ಷದಿಂದ ಅಣ್ಣನ ಮಕ್ಕಳಿಬ್ಬರೂ ಉದ್ಯಾನಕ್ಕೆ ಬಂದರೆ ದೋಣಿ ಮಾತ್ರ ಹತ್ತುತ್ತಿದ್ದರು. ನೀರಿಗೆ ಕರೆದರೆ "ಶೀತ ಆಗುತ್ತೆ, ಬೇಡ" ಎನ್ನುತ್ತಿದ್ದ. ಅವಳ ಮಗಳು ಅದೇ ನೀರಿನಲ್ಲಿ ದಿನವೂ ಆಡುತ್ತಿದ್ದಳು.

"ಹೋದ ಬೇಸಿಗೆಯಲ್ಲಿ ನನ್ನ ಮಗಳ ಬೆನ್ನ ಮೇಲೆ ಗುಳ್ಳೆ ಎದ್ದಿದ್ವು. ಮುಲಾಮು ತಂದವನು ನೀನು. ದಿನಾ ಸಂಜೆ ಬಂದು ಹಚ್ಚಿದವನೂ ನೀನೇ."

ಅವನು ಮತ್ತೆ ನಲ್ಲಿ ತಿರುಗಿಸಿ ಬಾಟಲಿಯೊಂದನ್ನು ಅದರಡಿ ಹಿಡಿದ.

"ಯಾತಕ್ಕೆ ಎದ್ದಿದ್ದು ಅಂತ ಗೊತ್ತಿದ್ದೇ ಹಚ್ತಿದ್ದೆ, ಅಲ್ವಾ?"

ಅಣ್ಣ ತೊಳೆದ ಬಾಟಲಿಯನ್ನು ಎತ್ತಿ ಕವುಚಿಟ್ಟ. "ನಿನಗೆ ಹೇಳಿದ್ರೆ ನೀನು ಸುಮ್ನಿರ್ತಿರ್ಲಿಲ್ಲ" ಎಂದ, ಬಹಳ ಮೆಲ್ಲಗೆ.

"ಅಷ್ಟು ಗೊತ್ತಿತ್ತಲ್ಲ ನನ್ನ ಬಗ್ಗೆ. ಗೊತ್ತಿದ್ದೂ ನನ್ನ ಕೈಯಿಂದಲೇ ತುಂಬಿಸಿದೆ."

ಬೀದಿಗೆ ಬಂದಾಗ ಅವಳಿಗೆ ಮನೆಯ ದಾರಿ ಒಂದು ಕ್ಷಣ ತೋಚಲಿಲ್ಲ. ಕೆಟ್ಟವನು ಮಾಡಿದ್ದರೆ ಬೈದು ಮರೆಯಬಹುದಿತ್ತು. ಮುಲಾಮು ಹಚ್ಚುವಾಗ ಆ ಬೆರಳು ಎಷ್ಟು ಮೆತ್ತಗಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಅವನ ಪ್ರೀತಿ ಸುಳ್ಳೆಂದು ಅವಳಿಗೆ ಹೇಳಲಾಗಲಿಲ್ಲ. ಆದರೆ ಅದನ್ನು ಇನ್ನು ಯಾವ ಮೂಲೆಯಲ್ಲಿಡಬೇಕೆಂದೂ ತಿಳಿಯಲಿಲ್ಲ.

ಅಂದಿನಿಂದ ಅವಳು ಕಾರಣ ಹೇಳದೆ ಸೀಟಿ ಊದಿ ಯಾರನ್ನೂ ನೀರಿಗೆ ಬಿಡಲಿಲ್ಲ. ಆ ಗುರುವಾರ ಬಾಟಲಿಯನ್ನೂ ತುಂಬಲಿಲ್ಲ. ಬದಲಿಗೆ ನಡೆದದ್ದೆಲ್ಲವನ್ನೂ ಎರಡು ಪುಟ ಬರೆದು, ತನ್ನ ಸಹಿ ಹಾಕಿ, ಊರಿನ ಆರೋಗ್ಯಾಧಿಕಾರಿಯ ಕಚೇರಿಯಲ್ಲಿ ಕೊಟ್ಟು ಬಂದಳು. "ರಜೆ ಕಳೆದು ಮಂಗಳವಾರ ನೋಡ್ತೀವಿ" ಎಂದರು ಅಲ್ಲಿ.

ಶುಕ್ರವಾರ ಪುಟ್ಟಿಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಟೈಲರ್ ಮಾವ ಡೇರೆ ಮಡಚುತ್ತಿದ್ದಾಗ ಅವಳು ಎದುರಿಗೆ ಹೋಗಿ ನಿಂತಳು.

"ಮಾವ, ನೀರು ಕೆಟ್ಟಿತ್ತು. ಬಾಟಲಿ ತುಂಬಿದ್ದು ನಾನು, ತುಂಬಬಾರದ ಜಾಗದಲ್ಲಿ. ಎರಡು ವರ್ಷ. ಹೋದ ಶನಿವಾರ ಅನುಮಾನ ಬಂದಿತ್ತು. ಆದರೂ ಬರೆದೆ."

ಟೈಲರ್ ಮಾವ ಮಡಿಕೆಯನ್ನು ಬಿಚ್ಚಿ ಮತ್ತೆ ನೇರ ಮಾಡಿ ಮಡಚಿದರು.

"ನಿಮ್ಮ ಪರವಾಗಿ ಡಾಕ್ಟರ ಹತ್ರ ಜಗಳ ಆಡಿದ್ದೆ ಮೇಡಂ" ಎಂದರು, ಅಷ್ಟೆ.

ಅವರ ಹೆಂಡತಿ ಚಹಾದ ಫ್ಲಾಸ್ಕನ್ನು ತೊಳೆದು, ಒರೆಸಿ, ಮುಚ್ಚಳ ಬಿಗಿಮಾಡಿ ಅವಳ ಕೈಗೆ ಕೊಟ್ಟರು. ಮುಖ ನೋಡಲಿಲ್ಲ.

ಶನಿವಾರ ಉದ್ದನೆಯ ರಜೆಯ ಮೊದಲ ದಿನ. ನಲವತ್ತೂ ಡೇರೆಗಳು ತುಂಬಿದ್ದವು. ಎಂಟೂವರೆಗೆ ಫೋನ್ ಬಂತು.

"ಈ ಮೂರು ದಿನ ದಾಟಿಸಿಬಿಡು" ಎಂದ ಅಣ್ಣ. "ಆಮೇಲೆ ನಾನೇ ಹೋಗಿ ಜಗಳ ಆಡ್ತೀನಿ. ಯೋಗ್ಯ ಅಂತ ಬರಿ."

"ಈ ವಾರ ನಾನು ಬಾಟಲಿ ಕೊಟ್ಟಿಲ್ಲ. ಯಾವ ನೀರನ್ನ ಪರೀಕ್ಷೆ ಮಾಡಿದೆ?"

ಅವಳು ಫೋನ್ ಇಟ್ಟು, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಹೋದಳು. ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬರೆದಳು: 'ನೀರಿಗೆ ಇಳಿಯಬೇಡಿ. ಶೌಚಾಲಯದ ಕೊಳಚೆ ಸೇರುತ್ತಿದೆ. ಹೋದ ವಾರ ಇಲ್ಲಿ ಬರೆದದ್ದು ಸುಳ್ಳು.'

ಅರ್ಧ ಗಂಟೆಯಲ್ಲಿ ಮೆಟ್ಟಿಲ ತುಂಬ ಜನ. ಕೆಲವರು ಸುಮ್ಮನೆ ಮಕ್ಕಳ ಕೈ ಹಿಡಿದು ಹಿಂದಿರುಗಿದರು. ಕೆಲವರು ಕೂಗಾಡಿದರು.

"ಮೂರು ಗಂಟೆ ಗಾಡಿ ಓಡಿಸ್ಕೊಂಡು ಬಂದಿದ್ದೀನಿ. ಬೋರ್ಡ್ ಓದ್ಕೊಂಡು ಕೂರೋಕಾ?"

"ಹೋದ ವಾರ ಸುಳ್ಳು ಅಂತೀರಿ. ಈ ವಾರದ್ದು ನಿಜ ಅಂತ ಹೇಗೆ ನಂಬೋದು?"

ದೋಣಿಯವನು ಪಕ್ಕಕ್ಕೆ ಬಂದು, "ನಮ್ಮ ಹೊಟ್ಟೆ ಮೇಲೆ ಹೊಡೀತಿದ್ದೀರಲ್ಲ ಅಕ್ಕ" ಎಂದ.

"ಮೊದಲು ಹೋಗೋದು ನನ್ನ ಕೆಲಸವೇ" ಎಂದಳು ಅವಳು.

ಅಷ್ಟರಲ್ಲಿ ಸ್ಕೂಟರ್ ನಿಲ್ಲಿಸಿ ಅಣ್ಣ ಬಂದ. ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ ಹಾಗೇ ಇತ್ತು. ಮೂರು ವರ್ಷದ ಮಗುವನ್ನು ಎತ್ತಿಕೊಂಡಿದ್ದ ತಂದೆಯೊಬ್ಬ ಅದನ್ನು ನೋಡಿ ಹತ್ತಿರ ಬಂದ.

"ಸಾರ್, ನೀರು ಪರೀಕ್ಷೆ ಮಾಡೋರು ನೀವೇ ಅಲ್ವಾ? ನೀವೇ ಹೇಳಿಬಿಡಿ. ಇವಳನ್ನ ಇಳಿಸ್ಲಾ, ಬೇಡ್ವಾ?"

ಅಣ್ಣ ತಂಗಿಯ ಕಡೆ ನೋಡಿದ. ಅವಳು ನದಿಯ ಕಡೆ ನೋಡುತ್ತಿದ್ದಳು. ಮಗು ಕೈ ಚಾಚಿ ಅವನ ಚೀಟಿಯ ದಾರ ಹಿಡಿದುಕೊಂಡಿತು. ಅವನು ಬಿಡಿಸಿಕೊಳ್ಳದೆ ನಿಂತ.

"ಬೇಡ" ಎಂದ ಕೊನೆಗೆ. "ನನ್ನ ಮಕ್ಕಳನ್ನ ನಾನು ಇಳಿಸಲ್ಲ."

ಯಾರೋ ಕೆಟ್ಟ ಮಾತು ಬೈದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಜನ ನಿಧಾನವಾಗಿ ಕರಗಿದರು.

ಪೀಪಿ ಅಕ್ಕ ಆ ಹೊತ್ತಿಗೆ ಈಜುವ ಜಾಗಕ್ಕೆ ಗಡಿ ಹಾಕಿದ್ದ ಹಗ್ಗವನ್ನು ಕಂಬದಿಂದ ಬಿಚ್ಚಿ ದಂಡೆಗೆ ಎಳೆಯತೊಡಗಿದ್ದಳು. ಅದಕ್ಕೆ ಪೋಣಿಸಿದ್ದ ಬಿಳಿ ಗುಂಡುಗಳು ಒಂದೊಂದಾಗಿ ಕಲ್ಲಿಗೆ ಬಡಿಯುತ್ತ ಮೇಲೆ ಬಂದವು. ಅರ್ಧ ಬಂದ ಮೇಲೆ ಹಗ್ಗ ನೀರೊಳಗಿನ ಯಾವುದೋ ಕಲ್ಲಿಗೆ ಸಿಕ್ಕಿಕೊಂಡಿತು. ಎಳೆದಳು. ಬರಲಿಲ್ಲ. ಕಾಲು ಊರಿ ಮತ್ತೆ ಎಳೆದಳು.

ಅಣ್ಣ ಮೆಟ್ಟಿಲ ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದ. ಕೊನೆಯ ಮೆಟ್ಟಿಲಲ್ಲಿ ಕೂತು ಒಂದು ಚಪ್ಪಲಿ ಕಳಚಿದ. ಪ್ಯಾಂಟು ಮಡಚತೊಡಗಿದ.

ಆಗ ಅವಳು ಆ ದಿನ ಮೊದಲ ಸಲ ಅವನ ಕಡೆ ತಿರುಗಿದಳು.

"ಇಳೀಬೇಡ" ಎಂದಳು. "ಬೋರ್ಡಲ್ಲಿ ಎಲ್ಲರಿಗೂ ಬರೆದಿದ್ದು ನಿನ್ನನ್ನೂ ಸೇರಿಸಿಯೇ."

ಅವನು ಚಪ್ಪಲಿ ಕೈಯಲ್ಲಿ ಹಿಡಿದು ಅಲ್ಲೇ ಕೂತ. ಅವಳು ಬೂಟುಗಾಲಿನಲ್ಲಿ ನೀರಿಗಿಳಿದು, ಹಗ್ಗ ಬಿಡಿಸಿ, ಉಳಿದದ್ದನ್ನು ಒಬ್ಬಳೇ ಎಳೆದು ಹಾಕಿದಳು.