ನಲವತ್ತೊಂದು ಕೈಗಳ ಸರಾಸರಿ

"ಯಾರ ಕೈಗೆ?" ಎಂದ ಬಡಗಿ ಚಿಕ್ಕಹನುಮಂತಪ್ಪ, ಬೈರಿಗೆಯ ಮೊನೆಯನ್ನು ಹಲಗೆಯಿಂದ ಎತ್ತದೆ.

ತಿಪ್ಪೇಶಪ್ಪನಿಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಗ್ರಾಫ್ ಹಾಳೆಯ ಮೇಲೆ ಅವನು ಏಳು ನಕ್ಷೆ ಬರೆದು ತಂದಿದ್ದ. ಎಡಗಡೆ ಹಿಡಿ, ಬಲಗಡೆ ಮೂರು ಗುಂಡಿ: ಹೊಡೆಯಲು, ಜಿಗಿಯಲು, ಅಡಗಲು. ಒಂದರಲ್ಲಿ ಮೂರೂ ಸಾಲಾಗಿದ್ದವು, ಇನ್ನೊಂದರಲ್ಲಿ ಓರೆಯಾಗಿ, ಮತ್ತೊಂದರಲ್ಲಿ ಕಮಾನಿನಂತೆ. ಯಾವುದನ್ನು ನೋಡಿದರೂ ಅದೇ ಸರಿ ಎನಿಸುತ್ತಿತ್ತು, ಮುಂದಿನದನ್ನು ನೋಡುವವರೆಗೆ. ಇದನ್ನು ತೀರ್ಮಾನಿಸಲೆಂದೇ ಇವತ್ತು ಹಲ್ಲುನೋವೆಂದು, ತಾನು ಪಾಠ ಮಾಡುವ ಕಾಲೇಜಿಗೆ ರಜೆಚೀಟಿ ಕಳಿಸಿದ್ದ. ಬೆಳಗಿನಿಂದ ಒಂದು ಹಲ್ಲು ನಿಜವಾಗಿಯೂ ನೋಯುತ್ತಿತ್ತು.

ಚನ್ನಗಿರಿಯ ಬಸ್ ನಿಲ್ದಾಣದ ಎದುರು ಯರ್ರಿಸ್ವಾಮಿಯ ರೇಡಿಯೋ ರಿಪೇರಿ ಅಂಗಡಿ. ಅದರೊಳಗೆ, ಬೀರುವಿನಷ್ಟು ಎತ್ತರದ ಪ್ಲೈವುಡ್ ಪೆಟ್ಟಿಗೆಯಲ್ಲಿ ಒಂದು ಹಳೆಯ ಟಿ.ವಿ. ಕೂತಿತ್ತು. ಟಿ.ವಿ.ಯ ಹಿಂದೆ ಯರ್ರಿಸ್ವಾಮಿ ಬೆಂಗಳೂರಿನಿಂದ ಹುಡುಕಿ ತಂದ ಸರ್ಕ್ಯೂಟು. ಊರಿಗೇ ಮೊದಲ ವಿಡಿಯೋ ಗೇಮು. ಎಂಬತ್ತಾರರ ಬೇಸಿಗೆಯಲ್ಲಿ ದಾವಣಗೆರೆಯಲ್ಲಿ ಅಂಥದೊಂದನ್ನು ನೋಡಿಬಂದಾಗಿನಿಂದ ಇಬ್ಬರಿಗೂ ಹಿಡಿದ ಹುಚ್ಚು. ಅಲ್ಲಿ ಯರ್ರಿಸ್ವಾಮಿ ಆಡಿದ್ದ. ತಿಪ್ಪೇಶಪ್ಪ ಹಿಂದೆ ನಿಂತು ನೋಡಿದ್ದ. ಬೆರಳನ್ನು ಬಿಟ್ಟು ಮನುಷ್ಯನಿಂದ ಬೇರೇನನ್ನೂ ಕೇಳದ ಯಂತ್ರ. ಯಾವ ಊರು, ಯಾವ ಕೇರಿ, ಯಾರ ಮಗ ಎನ್ನದ ಯಂತ್ರ. ಭೌತಶಾಸ್ತ್ರದ ಮೇಷ್ಟ್ರಿಗೆ ಅದು ಬಹಳ ಹಿಡಿಸಿತ್ತು.

ಉಳಿದದ್ದು ಗುಂಡಿಗಳ ಜಾಗ ಮಾತ್ರ. ಗುಂಡಿಗಳೆಂದರೆ ಮನೆಬಾಗಿಲಿನ ಕಾಲಿಂಗ್ ಬೆಲ್ಲಿನವು. ಚಿಕ್ಕಹನುಮಂತಪ್ಪ ನಾಲ್ಕರ ಬಸ್ಸಿಗೆ ಜಗಳೂರಿಗೆ ಹೊರಡುವವನು, ಅಲ್ಲಿ ಒಂದು ತಿಂಗಳ ಕೆಲಸ. ತೂತು ಕೊರೆಸುವುದಿದ್ದರೆ ಅಷ್ಟರೊಳಗೆ ಕೊರೆಸಬೇಕು.

"ಯಾರ ಕೈಗೆ ಅಂದ್ರೆ? ಎಲ್ಲರ ಕೈಗೂ" ಎಂದ ತಿಪ್ಪೇಶಪ್ಪ.

"ಎಲ್ಲಾರದ್ದೂ ಒಂದೇ ಥರ ಇರಾಕೆ ಅವೇನು ಸೌಟಾ ಸಾರ್?" ಬಡಗಿ ತನ್ನ ಬಲಗೈ ಎತ್ತಿ ತೋರಿಸಿದ. ತೋರುಬೆರಳು ಅರ್ಧಕ್ಕೇ ನಿಂತಿತ್ತು. "ನನ್ನ ಅಳತೆಗೆ ಕೊರದ್ರೆ ನೀವು ಆಡ್ತೀರಾ?"

ತಿಪ್ಪೇಶಪ್ಪನಿಗೆ ಒಮ್ಮೆಲೇ ಹುರುಪು ಬಂತು. ಊರಿನ ಕೈಗಳನ್ನೆಲ್ಲ ಅಳೆದು ಸರಾಸರಿ ತೆಗೆದರಾಯಿತು. ತೀರ್ಮಾನ ತನ್ನದಾಗುವುದಿಲ್ಲ, ಗಣಿತದ್ದಾಗುತ್ತದೆ.

ಮಿಕ್ಕಿದ್ದ ಪ್ಲೈವುಡ್ ತುಂಡನ್ನು ಅಂಗಡಿ ಮುಂದಿನ ಕಟ್ಟೆಯ ಮೇಲೆ ಹಾಸಿದರು. ಪಕ್ಕದಲ್ಲಿ ಸೊಪ್ಪು ಮಾರುವ ಕಲ್ಲಮ್ಮನನ್ನು ಯರ್ರಿಸ್ವಾಮಿ ಮೊದಲು ಕರೆದ.

"ಯಾತಕ್ಕಪ್ಪಾ ಇದು?" ಎಂದಳು ಅವಳು.

ಗೇಮು, ಗುಂಡಿ, ಸರಾಸರಿ ಎಂದು ವಿವರಿಸಲು ತಿಪ್ಪೇಶಪ್ಪ ಬಾಯಿ ತೆರೆಯುವಷ್ಟರಲ್ಲಿ ಯರ್ರಿಸ್ವಾಮಿ ಹೇಳಿಬಿಟ್ಟ: "ಸರ್ಕಾರದ ಜನತಾ ಮನೆಗೆ ಕಣಕ್ಕಾ. ಕೈ ಅಳತೆ ಕೊಟ್ಟೋರಿಗೆ ಮೊದ್ಲು."

ಹೇಳಿ ಕಣ್ಣು ಹೊಡೆದ. ಮೆಂತ್ಯದ ವಾಸನೆಯ ಒದ್ದೆ ಅಂಗೈ ಆಗಲೇ ಹಲಗೆಯ ಮೇಲಿತ್ತು. ತಿಪ್ಪೇಶಪ್ಪ ತೆರೆದ ಬಾಯಿಯಲ್ಲೇ "ಬೆರಳು ಅಗಲಿಸಿ" ಎಂದು ಸುತ್ತ ಪೆನ್ಸಿಲ್ಲಿನ ಗೆರೆ ಎಳೆದ, ಸ್ಕೇಲಿನಿಂದ ಅಳೆದು ಬರೆದುಕೊಂಡ.

ಅರ್ಧ ಗಂಟೆಯಲ್ಲಿ ಸಾಲು ಬಸ್ ನಿಲ್ದಾಣದ ಗೇಟು ಮುಟ್ಟಿತು. ಒಬ್ಬ ನಲ್ಲಿಯಲ್ಲಿ ಮೊಣಕೈತನಕ ತೊಳೆದುಕೊಂಡು ಬಂದ. ಒಬ್ಬ ರೇಷನ್ ಕಾರ್ಡು ಹಿಡಿದು ಬಂದ. ಕತ್ತಲಗೆರೆಯ ಮುದುಕನೊಬ್ಬ ಎರಡೂ ಕೈ ಇಟ್ಟ. "ಒಂದು ಸಾಕು" ಎಂದರೆ, "ಇಬ್ರು ಹೆಂಡ್ರು ಅದಾರೆ, ಎರಡು ಮನೆ ಬೇಕು" ಎಂದ. ಯರ್ರಿಸ್ವಾಮಿ ಟಿ.ವಿ.ಯ ಹಿಂದೆ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟ.

ತಿಪ್ಪೇಶಪ್ಪನಿಗೂ ನಗು ಬಂತು. ಆದರೆ ಅದನ್ನು ಮೀಸೆಯ ಕೆಳಗೇ ಹಿಡಿದಿಟ್ಟುಕೊಂಡ. ಈ ಊರಿಗೆ ಬಂದು ಎಂಟು ವರ್ಷ. ಯಾರ ಕೈಯನ್ನೂ ಹೀಗೆ ಹಿಡಿದದ್ದಿಲ್ಲ. ಈಗ ಒಂದರ ಹಿಂದೆ ಒಂದು ಒರಟು ಕೈ, ಬೆವೆತ ಕೈ, ಬಳೆಯ ಕೈ ಬಂದು ತಮ್ಮನ್ನು ಒಪ್ಪಿಸಿ ಸುಮ್ಮನಾಗುತ್ತಿದ್ದವು. ಸುಳ್ಳು ಹೇಳಿದವನು ತಾನಲ್ಲ ಎಂದು ಪ್ರತಿ ಕೈಗೂ ಒಂದು ಸಲ ಅಂದುಕೊಂಡ.

"ಏನ್ ಮೇಷ್ಟ್ರೇ, ಜ್ಯೋತಿಷ್ಯ ಶುರು ಮಾಡಿದ್ರಾ?"

ಅಡಿಕೆ ಮಂಡಿಯ ಮುರುಗೇಶಪ್ಪನವರು. ಎಂಟು ವರ್ಷದ ಹಿಂದೆ ಇವರ ಮನೆಯೊಂದನ್ನು ತಿಪ್ಪೇಶಪ್ಪ ಬಾಡಿಗೆಗೆ ಕೇಳಿದ್ದ. ಕಾಫಿ ಬಂದಿತ್ತು. ಮಾತಿನ ನಡುವೆ ಅವನ ಊರು, ಆಮೇಲೆ ಕೇರಿ ಗೊತ್ತಾಗಿ, ಮನೆ ಇದ್ದಕ್ಕಿದ್ದಂತೆ ಅವರ ಅಳಿಯನಿಗೆ ಬೇಕಾಗಿತ್ತು. ಅದಕ್ಕೆ ಇವತ್ತಿಗೂ ಬೀಗ.

"ಒಂದು ಯಂತ್ರಕ್ಕೆ ಅಳತೆ ತಗೊತಿದೀನಿ" ಎಂದ ತಿಪ್ಪೇಶಪ್ಪ.

"ಹಂಗಾದ್ರೆ ನಂದೂ ತಗಳ್ರಿ. ಉಂಗುರ ತೆಗೀಬೇಕಾ?"

"ಬೇಡ. ಅಲ್ಲಾಡಬೇಡಿ."

ತಿಪ್ಪೇಶಪ್ಪ ಅವರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ. ಉಳಿದವರಿಗೆ ಹಿಡಿದದ್ದಕ್ಕಿಂತ ಬಿಗಿಯಾಗಿ. ಪೆನ್ಸಿಲ್ಲು ಉಂಗುರಬೆರಳಿನ ಸಂದಿಗೆ ಇಳಿದಾಗ ಮುರುಗೇಶಪ್ಪನವರು ಕೊಸರಿದರು. "ಅಯ್ಯೋ, ಕಚಗುಳಿ ಕಣ್ರೀ!"

ಅವನು ಅದೇ ಸಂದಿಯಲ್ಲಿ ಇನ್ನೊಮ್ಮೆ ಇಳಿಸಿದ. ಮತ್ತೊಮ್ಮೆ. ಮಂಡಿಯ ಯಜಮಾನರು ಕಿಸಿಕಿಸಿ ನಕ್ಕು, ಕಣ್ಣಲ್ಲಿ ನೀರು ತಂದುಕೊಂಡು, "ಬ್ಯಾಡ್ರೀ ಮೇಷ್ಟ್ರೇ, ಬ್ಯಾಡ್ರೀ" ಎಂದು ಕುಣಿದಾಡಿದರು. ಸಾಲಿಗೆ ಸಾಲೇ ನಕ್ಕಿತು. ಕೈ ಬಿಟ್ಟಾಗ ಅವರು ಅವನ ಬೆನ್ನು ತಟ್ಟಿ ಹೋದರು.

ಆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾರೆಯೇ ಎಂದು ತಿರುವಿನವರೆಗೂ ನೋಡಿದ. ಒರೆಸಿಕೊಳ್ಳಲಿಲ್ಲ. ಸಮಾಧಾನವಾಗಬೇಕಿತ್ತು. ಎಂಟು ವರ್ಷ ಜೋಪಾನ ಮಾಡಿದ ಸಿಟ್ಟು ಕೂರಲು ಜಾಗ ಸಿಗದೆ ಎದ್ದು ನಿಂತುಕೊಂಡಿತು, ಅಷ್ಟೆ.

ಮೂರು ಗಂಟೆಗೆ ನಲವತ್ತೊಂದು ಕೈಗಳಾಗಿದ್ದವು. "ಇವತ್ತಿಗೆ ಆಯ್ತು" ಎಂದು ಯರ್ರಿಸ್ವಾಮಿ ಸಾಲನ್ನು ಚದುರಿಸಿದ. ತಿಪ್ಪೇಶಪ್ಪ ಬರೆದಿಟ್ಟ ಅಳತೆಗಳನ್ನು ಕೂಡಿಸಿದ, ಭಾಗಿಸಿದ, ಪೆಟ್ಟಿಗೆಯ ಮೇಲೆ ಮೂರು ಚುಕ್ಕಿ ಇಟ್ಟ. ಬೈರಿಗೆ ತಿರುಗಿತು. ಗುಂಡಿಗಳು ಕೂತವು.

ಯರ್ರಿಸ್ವಾಮಿ ಮೊದಲು ಕೈ ಇಟ್ಟ. "ಸಾರ್, ಮೂರನೇದು ಎಟುಕಾದೇ ಇಲ್ಲ."

ಚಿಕ್ಕಹನುಮಂತಪ್ಪನ ಮೋಟು ಬೆರಳು ಹಲಗೆಯನ್ನೇ ಒತ್ತಿತು. ತಿಪ್ಪೇಶಪ್ಪನ ನಡುಬೆರಳು ಎರಡು ಗುಂಡಿಗಳ ಮಧ್ಯೆ ಬಿತ್ತು.

"ಲೆಕ್ಕ ಸರಿಯಾಗಿದೆ" ಎಂದ ಅವನು.

"ಲೆಕ್ಕ ಸರಿ ಐತೆ ಸಾರ್. ಆ ಕೈ ಇರೋನು ಈ ಊರಾಗೆ ಇಲ್ಲ." ಬಡಗಿ ಉಳಿ, ಬೈರಿಗೆಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸಿಗೆ ನಡೆದ.

ಬಸ್ಸು ಹೊರಟ ಧೂಳು ಇಳಿಯುವ ಮೊದಲೇ ಕಲ್ಲಮ್ಮ ಬಂದಳು. ಜೊತೆಗೊಬ್ಬ ಹೆಂಗಸು, ಕೆಸರು ಒಣಗಿದ ಕಾಲು.

"ನಮ್ ನಾದಿನಿ ಕರಿಯಕ್ಕ, ನಲ್ಲೂರಿನಾಕೆ. ಇವಳದ್ದೂ ಒಂದು ಬರ್ಕಳ್ರಿ ಮೇಷ್ಟ್ರೇ. ಹೋದ ತಿಂಗಳು ಇವ್ರ ಮನೆ ಗೋಡೆ ಕುಸ್ದು ಕುಂತೈತೆ. ಸುದ್ದಿ ಕಳ್ಸಿದ್ದಕ್ಕೆ ನಾಟಿ ಬಿಟ್ಟು ಓಡಿ ಬಂದಾಳೆ."

ಅವರ ಹಿಂದೆ, ಕರಿಯಕ್ಕ ಬಂದ ನಲ್ಲೂರಿನ ಬಸ್ಸಿಂದಲೇ ಇಳಿದ ಇನ್ನೂ ಐದಾರು ಮಂದಿ ನಿಂತಿದ್ದರು.

ತಿಪ್ಪೇಶಪ್ಪ ಯರ್ರಿಸ್ವಾಮಿಯ ಕಡೆ ನೋಡಿದ. ಯರ್ರಿಸ್ವಾಮಿ ಟಿ.ವಿ.ಯೊಳಗೆ ತಲೆ ತೂರಿಸಿ ಏನೋ ಹುಡುಕತೊಡಗಿದ.

"ಕಲ್ಲಮ್ಮ, ಇದು..."

"ಮುಗೀತಾ?" ಕರಿಯಕ್ಕ ಮೊದಲ ಸಲ ಮಾತಾಡಿದಳು. "ಮುಗಿದಿದ್ರೆ ಹೇಳಿಬಿಡ್ರಿ. ಬಂದ ಬಸ್ಸಿಗೇ ವಾಪಸ್ ಹೋಗ್ತೀನಿ."

ಹೇಳಬೇಕಾದ ಮಾತು ನಾಲಿಗೆಯ ಮೇಲಿತ್ತು. "ಇಲ್ಲ," ಎಂದಿತು ಬಾಯಿ. "ಇಡಿ."

ಹಲಗೆಯಲ್ಲಿ ಜಾಗವಿರಲಿಲ್ಲ. ಕೈಗಳ ಮೇಲೆ ಕೈಗಳು ಬಿದ್ದು, ಯಾವ ಬೆರಳು ಯಾರದೆಂದು ತಿಳಿಯದ ಕಪ್ಪು ಗೀಟುಗಳ ಪೊದೆ. ಕರಿಯಕ್ಕ ತಾನೇ ಒಂದು ಮೂಲೆ ಹುಡುಕಿ ಅಂಗೈ ಊರಿದಳು. ಅವನು ಹೆಬ್ಬೆರಳಿನಿಂದ ಶುರು ಮಾಡಿದ. ಅರ್ಧ ಬೆರಳಿಗೇ ಪೆನ್ಸಿಲ್ಲಿನ ಸೀಸ ಚಟ್ಟನೆ ಮುರಿದು ಉರುಳಿತು.

ಅವನು ತಲೆಯೆತ್ತಿದ. ಅವಳಿಗೆ ಅದು ಕಂಡಿರಲಿಲ್ಲ. ತುಟಿ ಬಿಗಿದು, ಕೈ ಅಲುಗಬಾರದೆಂದು ಉಸಿರು ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು.

ತಿಪ್ಪೇಶಪ್ಪ ನಿಲ್ಲಿಸಲಿಲ್ಲ. ಬರೀ ಕಟ್ಟಿಗೆಯ ಮೊನೆ ಒಂದೊಂದೇ ಬೆರಳನ್ನು ನಿಧಾನವಾಗಿ ಏರಿ, ಇಳಿದು, ಗೆರೆ ಬಿಡದೆ ಅವಳ ಕೈಯನ್ನು ಸುತ್ತುತ್ತಾ ಹೋಯಿತು. ಹಿಂದಿದ್ದವರು ಅಂಗೈಗಳನ್ನು ಸೆರಗಿಗೆ, ಟವೆಲಿಗೆ ಒರೆಸಿಕೊಳ್ಳುತ್ತಾ ಒಂದು ಹೆಜ್ಜೆ ಮುಂದೆ ಬಂದರು.