ಅರವತ್ನಾಲ್ಕನೇ ಪುಟದಿಂದಾಚೆ

ರಾತ್ರಿ ಹನ್ನೊಂದೂವರೆಗೆ ಊಟದ ಮೇಜಿನ ಮೇಲೆ ಟಪ್ ಎಂದು ಒಂದು ಸಣ್ಣ ಸದ್ದಾಯಿತು. ಹೊಲಿಗೆಯ ದಾರ ಹರಿದರೆ ಎಷ್ಟು ಸದ್ದಾದೀತೋ ಅಷ್ಟೇ. ಒಳಕೋಣೆಯಲ್ಲಿ ಮಲಗಿದ್ದ ಅತ್ತೆಗೆ ಅಷ್ಟು ಸಾಕು. ಟಿ.ವಿ.ಯನ್ನು ಬೀದಿಗೆಲ್ಲ ಕೇಳುವಂತೆ ಹಾಕಿಕೊಂಡು ಇನ್ನೂ ಕೇಳಿಸುತ್ತಿಲ್ಲ ಎನ್ನುವವರು, ಸೊಸೆಯ ಕೈಯಿಂದ ಚಮಚ ಬಿದ್ದರೆ ಮಾತ್ರ ತಪ್ಪದೆ ಕೇಳಿಸಿಕೊಳ್ಳುತ್ತಿದ್ದರು.

"ಏನದು ಸದ್ದು?"

"ಏನಿಲ್ಲ ಅತ್ತೆ. ಪುಸ್ತಕ ಕುಯ್ತಾ ಇದೀನಿ."

"ಇದುವರೆಗೂ ಓದ್ತಾ ಇದ್ದೆ. ಈಗ ಕುಯ್ಯೋಕೆ ಶುರು ಮಾಡಿದೆಯಾ?"

ಸೊಸೆ ಹೈಸ್ಕೂಲಿನಲ್ಲಿ ಭಾಷೆಯ ಮೇಡಂ. ಹತ್ತನೇ ತರಗತಿಗೆ ಒಂದು ಹಳೆಯ ಕಾದಂಬರಿ ಪಾಠಕ್ಕಿತ್ತು. ಮುನ್ನೂರಿಪ್ಪತ್ತು ಪುಟ, ಇಪ್ಪತ್ತು ಅಧ್ಯಾಯ. ಒಂದು ಹಿಟ್ಟಿನ ಗಿರಣಿ, ಅದರ ಕಳೆದುಹೋದ ಬೀಗದ ಕೈ, ಅದಕ್ಕಾಗಿ ಕಿತ್ತಾಡುವ ಮೂವರು ಒಡಹುಟ್ಟಿದವರು. ಮಕ್ಕಳು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಗೈಡಿನಲ್ಲಿದ್ದ ಹನ್ನೆರಡು ಉತ್ತರ ಉರು ಹೊಡೆದು, ಹೋಗದ ಊರಿನ ದಾರಿ ಹೇಳುವವರಂತೆ ಕಾದಂಬರಿಯ ಬಗ್ಗೆ ಪುಟಗಟ್ಟಲೆ ಬರೆದು ಪಾಸಾಗುತ್ತಿದ್ದರು. ಮೇಡಂಗೆ ಒಂದು ಉಪಾಯ ಹೊಳೆದಿತ್ತು: ಹಳೆಯ ಪ್ರತಿಯೊಂದನ್ನು ಅಧ್ಯಾಯ ಅಧ್ಯಾಯವಾಗಿ ಬಿಡಿಸಿ ಇಬ್ಬಿಬ್ಬರಿಗೆ ಒಂದೊಂದು ಕೊಡುವುದು. ಅವರು ತಮ್ಮ ಪಾಲಿನದನ್ನು ಓದಿ ಉಳಿದವರಿಗೆ ಹೇಳಬೇಕು. ಮುಂದೇನಾಯಿತು ಎಂದು ತಿಳಿಯಬೇಕಾದರೆ ಪಕ್ಕದ ಬೆಂಚಿನವರ ಬಾಯಿ ನೋಡಬೇಕು; ಗೈಡಿಗೆ ಅಲ್ಲಿ ಕೆಲಸವಿಲ್ಲ.

ಹೆಡ್ ಮೇಡಂ ಇದನ್ನು ಕನ್ನಡಕದ ಮೇಲಿನಿಂದ ಕೇಳಿಸಿಕೊಂಡಿದ್ದರು. "ಆ ಕಾದಂಬರೀನ ನಾನು ಏಳು ಸಲ ಓದಿದೀನಿ. ಹರಿಯೋ ಯೋಚನೆ ಒಂದು ಸಲಾನೂ ಬರಲಿಲ್ಲ," ಎಂದಿದ್ದರು. ಏಳು ಸಲದ ಸಂಗತಿ ಶಾಲೆಯಲ್ಲಿ ಜವಾನನಿಗೂ ಗೊತ್ತು. ಬೆಳಗಿನ ಪ್ರಾರ್ಥನೆಯ ಭಾಷಣದಲ್ಲಿ ವಾರಕ್ಕೊಮ್ಮೆಯಾದರೂ ಅದು ಬರುತ್ತಿತ್ತು. ಆದರೂ ಒಂದು ವಾರ ಅವಕಾಶ ಕೊಟ್ಟರು. ಶುಕ್ರವಾರ ತಾವೇ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಮಕ್ಕಳು ಬಾಯಿಬಿಟ್ಟರೆ ಸರಿ. ಇಲ್ಲದಿದ್ದರೆ ಹತ್ತನೇ ತರಗತಿ ಗೈಡು ಮೇಷ್ಟ್ರಿಗೆ. ಅವರು ನಲವತ್ತು ನಿಮಿಷದಲ್ಲಿ ಹನ್ನೆರಡು ಉತ್ತರವನ್ನೂ ಬರೆಸಿ, ಐದು ನಿಮಿಷ ಮೊದಲೇ ಚಹಾಕ್ಕೆ ಹೋಗುವವರು. ಇಷ್ಟು ಹೇಳಿ ಹೆಡ್ ಮೇಡಂ ಬೀರುವಿನಿಂದ ತಮ್ಮ ಸ್ವಂತ ಪ್ರತಿ ತೆಗೆದುಕೊಟ್ಟರು. ಕಾಲೇಜಿನಲ್ಲಿ ಬಹುಮಾನವಾಗಿ ಬಂದದ್ದು. "ನನ್ನ ಟಿಪ್ಪಣಿ ಇವೆ, ನೋಡ್ಕೊಳ್ಳಿ. ಜೋಪಾನ."

ಮೇಡಂ ಎಲ್ಲದರಲ್ಲೂ ಜೋಪಾನ. ಗ್ಯಾಸು ಆರಿಸಿದ್ದನ್ನು ಮೂರು ಸಲ ನೋಡುವವಳು. ಮನೆಗೆ ಬಂದ ಯಾವ ಪುಸ್ತಕಕ್ಕೂ, ಎರವಲು ತಂದದ್ದೇ ಆಗಲಿ, ಮೊದಲು ಕಂದು ಕಾಗದದ ಹೊದಿಕೆ ಹಾಕಬೇಕು, ಆಮೇಲೆಯೇ ಓದು. ಹೆಡ್ ಮೇಡಂ ಅವರ ಪ್ರತಿಗೂ ಹಾಕಿದಳು. ಕುಯ್ಯಲೆಂದೇ ಹಳೇ ಪುಸ್ತಕದ ಅಂಗಡಿಯಿಂದ ತಂದ ಪ್ರತಿಗೂ, ಕೈ ಅಭ್ಯಾಸ, ಹಾಕಿಬಿಟ್ಟಳು. ಎರಡೂ ಒಂದೇ ಗಾತ್ರ, ಒಂದೇ ಬಣ್ಣ, ಅವಳಿ ಮಕ್ಕಳಿಗೆ ಒಂದೇ ಅಂಗಿ ತೊಡಿಸಿದಂತೆ.

ಕೊನೆಯ ದಾರ ಹರಿದ ಮೇಲೆ ಮೊದಲ ಪುಟ ತಿರುಗಿಸಿದಳು. 'ಪ್ರಥಮ ಬಹುಮಾನ' ಎಂಬ ಮೊಹರು. ಅದರ ಕೆಳಗೆ ನೇರಳೆ ಮಸಿಯಲ್ಲಿ ಹೆಡ್ ಮೇಡಂ ಸಹಿ.

ಕುಯ್ದದ್ದು ಅವರದೇ ಪ್ರತಿ. ಹಾಳೆ ಹರಿದಿಲ್ಲ, ಹೊಲಿಗೆ ಮಾತ್ರ ಬಿಚ್ಚಿದೆ, ಹದಿನಾರು ಪುಟದ ಒಂದೊಂದು ಕಟ್ಟೂ ಬಿಡಿಯಾಗಿದೆ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು. ಅಷ್ಟೇ ಎನ್ನುವುದಕ್ಕೆ ಅದೇನು ಸಣ್ಣ ವಿಷಯವೇ? ಪುಸ್ತಕ ಕುಯ್ಯುವ ಯೋಚನೆಯನ್ನೇ ಒಪ್ಪದವರ ಪುಸ್ತಕ. ಗೊತ್ತಾದರೆ ಶುಕ್ರವಾರದವರೆಗೂ ಕಾಯಬೇಕಿಲ್ಲ, ತರಗತಿ ನಾಳೆಯೇ ಗೈಡು ಮೇಷ್ಟ್ರ ಪಾಲು.

ಕಟ್ಟುಗಳನ್ನು ಜೋಡಿಸುವಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮೊದಲ ನಾಲ್ಕು ಕಟ್ಟಿನ ಅಂಚುಗಳಲ್ಲೆಲ್ಲ ನೇರಳೆ ಟಿಪ್ಪಣಿ. 'ಆಹಾ', 'ಎಂಥ ಒಳನೋಟ' ಎಂಬ ಉದ್ಗಾರ. ಐದನೆಯ ಕಟ್ಟಿನಿಂದ ಹಾಳೆಗಳು ಬಿಡಿಸಿದರೂ ಬಿಡಿಸಿಕೊಳ್ಳವು. ಅದು ಹಳೆಯ ಕಾಲದ ಮುದ್ರಣ. ಹಾಳೆಯ ಮಡಿಕೆಗಳನ್ನು ಓದುವವರೇ ಚಾಕುವಿನಿಂದ ಸೀಳಿಕೊಂಡು ಮುಂದೆ ಹೋಗಬೇಕಿತ್ತು. ಅರವತ್ನಾಲ್ಕನೇ ಪುಟದಿಂದಾಚೆ ಯಾರೂ ಸೀಳಿರಲಿಲ್ಲ. ಇನ್ನೂರೈವತ್ತಾರು ಪುಟ, ಮೂವತ್ತು ವರ್ಷದಿಂದ ತುಟಿ ಬಿಗಿದು ಕೂತಿತ್ತು.

ಮೇಡಂಗೆ ನಗು ಬಂತು. ನಕ್ಕರೆ ಅತ್ತೆಗೆ ಕೇಳುತ್ತದೆಂದು ಬಾಯಿಗೆ ಕೈ ಅಡ್ಡ ಹಿಡಿದಳು. ಏಳು ಸಲ, ಏಳು ಸಲ ಎಂದು ಹೇಳಿ ಹೇಳಿ ಪಾಪ ಅವರೇ ನಂಬಿಬಿಟ್ಟಿದ್ದರೇನೋ. ಇಲ್ಲದಿದ್ದರೆ ಈ ಪ್ರತಿಯನ್ನು ಇನ್ನೊಬ್ಬರ ಕೈಗೆ ಕೊಡುತ್ತಿದ್ದರೆ?

ಅದೇ ರಾತ್ರಿ ಸರಿಯಾದ ಪ್ರತಿಯನ್ನೂ ಕುಯ್ದು ಸೋಮವಾರ ಹಂಚಿದಳು. ಸಂಜೆ ಹೆಡ್ ಮೇಡಂ ಪ್ರತಿಯನ್ನು ಚೀಲದೊಳಗೆ ಮುಚ್ಚಿಟ್ಟುಕೊಂಡು ಬೈಂಡರ್ ಅಂಗಡಿಗೆ ಹೋದಳು. ಹೊಲಿದು ಕೊಡಿ, ಅಂಚು ಮಾತ್ರ ಕತ್ತರಿಸಬೇಡಿ ಎಂದಳು. ಕತ್ತರಿಸಿದರೆ ಮುಚ್ಚಿದ ಮಡಿಕೆಗಳೆಲ್ಲ ತೆರೆದುಕೊಂಡು, ಗುಟ್ಟನ್ನು ಯಾರೋ ನೋಡಿದ್ದಾರೆಂದು ಹೆಡ್ ಮೇಡಂಗೆ ತಿಳಿದುಹೋಗುತ್ತದೆ.

ಬೈಂಡರ್ ಪುಸ್ತಕವನ್ನು ಮೇಲೆ ಕೆಳಗೆ ನೋಡಿದ. "ಅಲ್ಲ ಮೇಡಂ, ಹಾಳೆ ಬಿಡಿಸೋಕೇ ಆಗಲ್ಲ. ಓದೋದು ಹೇಗೆ?"

"ಇದು ಓದೋ ಪುಸ್ತಕ ಅಲ್ಲ," ಎಂದಳು. ಎಲ್ಲ ಯೋಚಿಸಿ ಮಾತಾಡುವ ಅವಳ ಬಾಯಿಂದ ಇಷ್ಟು ನಿಜವಾದ ಮಾತು ಯೋಚಿಸದೆಯೇ ಬಂದಿತ್ತು.

ಗುರುವಾರ ಪುಸ್ತಕ ಕೈಗೆ ಬಂತು. ಶುಕ್ರವಾರ ಹೆಡ್ ಮೇಡಂ ಹೇಳಿದಂತೆ ಹಿಂದಿನ ಬೆಂಚಿನಲ್ಲಿ ಡೈರಿ ಬಿಡಿಸಿ ಕೂತರು. ಆ ವಾರದಲ್ಲಿ ಮಕ್ಕಳು ಹದಿನೇಳು ಅಧ್ಯಾಯ ದಾಟಿದ್ದರು. ನಡುವೆ ಎರಡು ಜಗಳ, ದೊಡ್ಡಣ್ಣನ ಪರ ಒಂದು ಪಕ್ಷ, ಕಿರಿಯವನ ಪರ ಇನ್ನೊಂದು. ಎದುರು ಪಕ್ಷಕ್ಕೆ ರಬ್ಬರ್ ಸಹ ಎರವಲಿಲ್ಲ. ಈಗ ಹದಿನೆಂಟನೆಯದು ಆಕಳಿಕೆ ರಾಣಿಯ ಪಾಲಿಗೆ ಬಂದಿತ್ತು. ಎರಡು ವರ್ಷದಲ್ಲಿ ಆ ಹುಡುಗಿ ತರಗತಿಯಲ್ಲಿ ಬಾಯಿ ತೆರೆದದ್ದೆಲ್ಲ ಆಕಳಿಸುವುದಕ್ಕೇ. ಅವಳ ಜೊತೆಯವಳು ಜ್ವರ ಬಂದು ಮನೆಯಲ್ಲಿದ್ದಳು. ಮೇಡಂ ಸೀಮೆಸುಣ್ಣವನ್ನು ಬೆರಳಲ್ಲಿ ಪುಡಿ ಮಾಡುತ್ತ ನಿಂತಳು.

ಹುಡುಗಿ ಎದ್ದು ಮೊದಲು ಒಮ್ಮೆ ಆಕಳಿಸಿದಳು. ಆಮೇಲೆ ಶುರು ಮಾಡಿದಳು. ರಾತ್ರಿ, ಗಿರಣಿ ನಿಂತಿದೆ, ಅಕ್ಕ ಒಬ್ಬಳೇ ಒಳಗೆ ಬರುತ್ತಾಳೆ, ದೀಪ ಹಚ್ಚುವುದಿಲ್ಲ. ಹುಡುಗಿ ತನ್ನ ಅಮ್ಮ ಪಕ್ಕದ ಮನೆಯ ಸುದ್ದಿ ಹೇಳುವ ಧಾಟಿಯಲ್ಲೇ ಹೇಳುತ್ತಿದ್ದಳು, ದನಿ ತಗ್ಗಿಸಿ, ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ. ಹಿಂದಿನ ಬೆಂಚಿನಲ್ಲಿ ಪೆನ್ನು ನಿಂತಿತ್ತು.

"ಅಕ್ಕ ಹಿಟ್ಟಿನ ಪೆಟ್ಟಿಗೆ ಒಳಗೆ ಕೈ ಹಾಕ್ತಾಳೆ. ಮೊಣಕೈ ತನಕ. ಕೈಗೆ ಏನೋ ತಣ್ಣಗೆ ತಗಲತ್ತೆ." ಹುಡುಗಿ ಹಾಳೆ ಮಡಚಿದಳು. "ಅಷ್ಟೇ. ನನ್ನ ಅಧ್ಯಾಯ ಮುಗೀತು."

ಗಂಟೆ ಹೊಡೆಯಿತು. ಹತ್ತೊಂಬತ್ತರ ಜೋಡಿ ಹಾಳೆಗಳನ್ನು ಎದೆಗೊತ್ತಿಕೊಂಡು, ಇನ್ನು ಸೋಮವಾರವೇ ಎಂದು ಬಿಗುಮಾನದಿಂದ ಸಾರಿತು. ಗಲಾಟೆ ಎದ್ದಿತು. ಅದರ ನಡುವೆ ಹಿಂದಿನಿಂದ ಒಂದು ದನಿ: "ಏ, ಒಂದು ನಿಮಿಷ. ಕೈಗೆ ಸಿಕ್ಕಿದ್ದು ಬೀಗದ ಕೈಯೇನಾ?"

ಎಲ್ಲರೂ ತಿರುಗಿದರು. ಹೆಡ್ ಮೇಡಂ ಬೆಂಚಿನ ತುದಿಗೆ ಬಂದು ಕೂತಿದ್ದರು.

ಆಕಳಿಕೆ ರಾಣಿಯ ಕಣ್ಣು ಮೊದಲ ಬಾರಿಗೆ ಪೂರ್ತಿ ತೆರೆದಿತ್ತು. "ಮೇಡಂ, ನೀವು ಏಳು ಸಲ ಓದಿದೀರಲ್ವಾ?"

ನಲವತ್ತು ಜೊತೆ ಕಣ್ಣು ಒಂದೇ ಕಡೆ. ಹೆಡ್ ಮೇಡಂ ಕಿವಿ ಕೆಂಪಾಗುವುದು ಮೇಡಂಗೆ ಕಪ್ಪು ಹಲಗೆಯ ಹತ್ತಿರದಿಂದಲೂ ಕಾಣಿಸಿತು. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಉಳಿದದ್ದನ್ನು ಮಕ್ಕಳೇ ನೋಡಿಕೊಳ್ಳುತ್ತಿದ್ದರು. ಸುಮ್ಮನಿರಲು ಅವಳಿಂದಾಗಲಿಲ್ಲ.

"ಮೇಡಂ ನಿನ್ನ ಪರೀಕ್ಷೆ ಮಾಡ್ತಾ ಇದಾರೆ ಕಣೇ," ಎಂದಳು. "ಮುಂದಿಂದು ಕದ್ದು ಓದಿದೀಯೋ ಏನೋ ಅಂತ. ಕೂತ್ಕೋ."

"ಹೂಂ, ಅದೇ," ಎಂದರು ಹೆಡ್ ಮೇಡಂ, ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ.

ಹೋಗುವಾಗ ತಮ್ಮ ಪುಸ್ತಕ ಕೇಳಿ ಪಡೆದರು. ಟಿಪ್ಪಣಿ ಉಪಯೋಗಕ್ಕೆ ಬಂತೇ ಎಂದು ವಿಚಾರಿಸಿದರು. ಮೊದಲ ಅಧ್ಯಾಯಗಳಿಗೆ ತುಂಬ ಬಂತು ಎಂದು ಮೇಡಂ ಹೇಳಿದಳು, ಒಂದೊಂದು ಪದವನ್ನೂ ತೂಗಿ.

ಸೋಮವಾರ ಬೆಳಿಗ್ಗೆ ಕರೆ ಬಂತು. ಹೆಡ್ ಮೇಡಂ ಮೇಜಿನ ಮೇಲೆ ಸ್ಟೀಲಿನ ಸ್ಕೇಲು, ಅದರ ಸುತ್ತ ಹಾಳೆಯ ನಾರು, ಕನ್ನಡಕದ ಹಿಂದೆ ನಿದ್ದೆಗೆಟ್ಟ ಕಣ್ಣು. ಕೊನೆಯ ಮಡಿಕೆಯವರೆಗೂ ಸೀಳಿದ ಪುಸ್ತಕ ಎರಡರಷ್ಟು ದಪ್ಪವಾಗಿ, ಅಂಚೆಲ್ಲ ಹರಕು ಮುರುಕಾಗಿ ಉಬ್ಬಿತ್ತು. ಹತ್ತನೇ ತರಗತಿ ನಿಮ್ಮ ಹತ್ತಿರವೇ ಇರಲಿ ಎಂದು ಅವರು ಕಿಟಕಿಗೆ ಹೇಳಿದರು. ಆಮೇಲೆ ಪುಸ್ತಕದ ಬೆನ್ನು ಸವರಿದರು.

"ಹೊಲಿಗೆ ಗಟ್ಟಿಯಾಗಿದೆ. ಮೊದಲು ಇಷ್ಟು ಇರಲಿಲ್ಲ."

ಮೇಡಂ ತನ್ನ ಚಪ್ಪಲಿ ನೋಡಿಕೊಂಡಳು. ಹೆಡ್ ಮೇಡಂ ಹಾಳೆಯ ನಾರನ್ನು ಅಂಗೈಯಿಂದ ಗುಡಿಸಿ ಬುಟ್ಟಿಗೆ ಹಾಕಿದರು.

"ಆ ಅಕ್ಕನ ಮೇಲೆ ನನಗೆ ಮೊದಲಿಂದಲೂ ಅನುಮಾನ ಇತ್ತು," ಎಂದರು ಕೊನೆಗೆ. "ಪ್ರತಿ ಸಲ ಓದುವಾಗಲೂ."

"ನನಗೂ ಮೇಡಂ," ಎಂದಳು.

ರಾತ್ರಿ ಅತ್ತೆ ಟಿ.ವಿ. ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದರೆಂದರೆ ವಿಷಯ ದೊಡ್ಡದೇ. ಪುಸ್ತಕ ಕುಯ್ದದ್ದು ಏನಾಯಿತು, ಹೆಡ್ ಮೇಡಂ ಏನಂದರು, ನೀನೇಕೆ ಬಂದಾಗಿನಿಂದ ಒಬ್ಬಳೇ ನಗುತ್ತಿದ್ದೀಯ ಎಂದು ಒಂದೇ ಉಸಿರಿನಲ್ಲಿ ಕೇಳಿದರು.

ಮಾತು ನಾಲಿಗೆಯ ತುದಿಗೇ ಬಂದಿತ್ತು. ಹೇಳಿದ್ದರೆ ಅತ್ತೆಯೂ ಹೊಟ್ಟೆ ಹಿಡಿದು ನಗುತ್ತಿದ್ದರು. ನಕ್ಕು, ಬೆಳಗಾಗುವುದರೊಳಗೆ ಮೂರು ಮನೆಗೆ ಹಂಚಿಯೂ ಬಿಡುತ್ತಿದ್ದರು. ಮೇಡಂ ಗ್ಯಾಸು ಆರಿಸಿದ್ದನ್ನು ಒಮ್ಮೆ ನೋಡಿದಳು, ಇನ್ನೊಮ್ಮೆ ನೋಡಿದಳು. ಇಲ್ಲ, ಇದನ್ನು ಯಾರಿಗೂ ಹೇಳುವುದಿಲ್ಲ.

"ಏನಿಲ್ಲ ಅತ್ತೆ," ಎಂದಳು. "ಬೀಗದ ಕೈ ಸಿಕ್ತು, ಅಷ್ಟೇ."